ಆಡದೆ ಗೆದ್ದ ಫೈನಲ್

ಸೇಡಂನ ಒಂದು ಪದವಿ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣದ ಅಧ್ಯಾಪಕ, ಬಾಸ್ಕೆಟ್‌ಬಾಲ್ ತಂಡದ ಮುಖ್ಯ ಕೋಚ್. ಮುಖ್ಯ ಎನ್ನುವುದು ಬೋರ್ಡಿನ ಮೇಲೆ ಮಾತ್ರ, ನನ್ನ ಕೆಳಗೆ ಇನ್ನೊಬ್ಬ ಕೋಚ್ ಇಲ್ಲ. ಚೆಂಡಿಗೆ ಗಾಳಿ ತುಂಬುವುದರಿಂದ ಹಿಡಿದು ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವವರೆಗೆ ಎಲ್ಲ ನಾನೇ. ಈ ಕಡೆಯ ಹುಡುಗರಿಗೆ ಕ್ರಿಕೆಟ್ ಬೇಕು, ಕಬಡ್ಡಿ ಬೇಕು. ನನ್ನ ಆಟಕ್ಕೆ ಹುಡುಗರನ್ನು ನಾನೇ ಹುಡುಕಿಕೊಳ್ಳಬೇಕು. ಪ್ರವೇಶದ ದಿನಗಳಲ್ಲಿ ಗೇಟಿನ ಬಳಿ ನಿಂತಿರುತ್ತೇನೆ. ಎತ್ತರದವನೊಬ್ಬ ಬಂದರೆ "ಯಾವೂರಪ್ಪ ನಿಂದು?" ಎಂದು ಮಾತಿಗೆ ಎಳೆಯುತ್ತೇನೆ.

ನಾನು ಆಟ ಕಲಿತದ್ದು ಹುಟ್ಟೂರು ಶಹಾಬಾದದಲ್ಲಿ. ಅಲ್ಲಿಯ ಕಾಲೊನಿಯ ಅಂಕಣಕ್ಕೆ ಊರಿನ ಫರ್ಸಿ ಕಲ್ಲನ್ನೇ ಹಾಸಿದ್ದರು. ಕಲ್ಲಿನ ಸಂದಿಗೆ ಬಿದ್ದ ಚೆಂಡು ಎತ್ತಲೋ ಹಾರುತ್ತಿತ್ತು. ಅಲ್ಲಿಂದ ವಿಶ್ವವಿದ್ಯಾಲಯದ ತಂಡದವರೆಗೆ ಹೋದೆ, ಆದರೆ ಆಡಿದ್ದಕ್ಕಿಂತ ಬೆಂಚಿನ ಮೇಲೆ ಕುಳಿತು ನೋಡಿದ್ದೇ ಹೆಚ್ಚು. "ಅದಕ್ಕೇ ಕೋಚ್ ಆದ್ರಿ" ಎಂದು ನನ್ನ ಹೆಂಡತಿ ನಗುತ್ತಾಳೆ.

ಕೆಲಸಕ್ಕೆ ಸೇರಿ ಎಷ್ಟೋ ವರ್ಷವಾದರೂ ನಮ್ಮ ತಂಡ ಒಂದು ಕಪ್ಪನ್ನೂ ತಂದಿರಲಿಲ್ಲ. ಪ್ರಿನ್ಸಿಪಾಲರು ಪ್ರತಿ ವರ್ಷ ಕೇಳುವರು: "ಏನ್ರಿ, ಈ ವರ್ಷರೇ ಏನರ ತರ್ತೀರೋ ಇಲ್ಲೋ?" ನಾನು ನೋಡೋಣ ಎನ್ನುತ್ತಿದ್ದೆ. ಆ ಪ್ರಶ್ನೆ ಕೇಳಿಸಿಕೊಳ್ಳುವ ಅವಮಾನ ನನಗೆ ರೂಢಿಯಾಗಿತ್ತು. ಗೆದ್ದ ಮೇಲೆ ಬರುವ ಅವಮಾನವೊಂದು ಇದೆ ಎಂದು ಗೊತ್ತಿರಲಿಲ್ಲ.

ಆ ವರ್ಷ ಒಳ್ಳೆಯ ತಂಡ ಕೂಡಿತ್ತು. ಕ್ಯಾಪ್ಟನ್ ಮಳಖೇಡದ ಹುಡುಗ, ಸಿಮೆಂಟ್ ಫ್ಯಾಕ್ಟರಿಯ ಕಾರ್ಮಿಕನ ಮಗ. ಮಾತು ಕಡಿಮೆ, ಜಿಗಿತ ಜಾಸ್ತಿ. ಸುತ್ತಲಿನ ಕಾಲೇಜುಗಳ ಟೂರ್ನಮೆಂಟಿನಲ್ಲಿ ಅವನ ಬಲದಿಂದ ನಾವು ಫೈನಲ್ ತಲುಪಿದೆವು. ಎದುರಿಗೆ ಬಂದದ್ದು ಚಿಂಚೋಳಿಯ ಒಂದು ಖಾಸಗಿ ಕಾಲೇಜು. ಅವರ ಸೆಮಿಫೈನಲ್ ನಾವು ಚಿತ್ತಾಪುರದಲ್ಲಿ ಕುಳಿತು ನೋಡಿದ್ದೆವು. ಸಣ್ಣ ಮೈಕಟ್ಟಿನ ಹುಡುಗರು, ಆದರೆ ಚೆಂಡು ಅವರ ಕೈಯಿಂದ ಕೈಗೆ ಹೋಗುವುದು ಕಣ್ಣಿಗೆ ಬೀಳುತ್ತಿರಲಿಲ್ಲ. ಅವರ ಕೋಚ್ ನನಗಿಂತ ಬಹಳ ಚಿಕ್ಕವನು, ಅತಿಥಿ ಉಪನ್ಯಾಸಕ. ವರ್ಷ ವರ್ಷ ಕಾಲೇಜಿನ ಕಮಿಟಿಯವರು ಮುಂದುವರಿಸಿದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಪಂದ್ಯ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಸರ್, ನಿಮ್ಮ ಹುಡುಗರ ರಿಬೌಂಡ್ ಭಾಳ ಚಲೋ ಅದ, ಬುಟ್ಟಿಗೆ ಬಡದು ಬಂದ ಚೆಂಡು ಬಿಡೂದೇ ಇಲ್ಲ. ಹ್ಯಾಂಗ್ ಕಲ್ಸೀರಿ?" ಎಂದು ಕೇಳಿದ್ದ. ಸೋಲುತ್ತೇವೆ ಎಂದು ನನ್ನ ಹುಡುಗರಿಗೂ ಗೊತ್ತಿತ್ತು, ನನಗೂ.

ಫೈನಲ್ ಶಹಾಬಾದದಲ್ಲಿ, ಶ್ರಾವಣದ ಒಂದು ಭಾನುವಾರ. ನಾವು ಹಿಂದಿನ ದಿನವೇ ರೈಲು ಹಿಡಿದು ವಾಡಿಯ ಮೇಲೆ ಹಾದು ಬಂದು ನನ್ನ ಅಣ್ಣನ ಮನೆಯಲ್ಲಿ ಉಳಿದಿದ್ದೆವು. ಶಹಾಬಾದದಲ್ಲಿ ಬಿಸಿಲಿತ್ತು. ಮಳೆ ಬಿದ್ದದ್ದು ಮೇಲುಗಡೆ, ಕಾಗಿಣಾ ಹೊಳೆ ಹರಿದು ಬರುವ ಕಡೆ. ಪಂದ್ಯಕ್ಕೆ ಸ್ವಲ್ಪ ಮೊದಲು ಚಿಂಚೋಳಿಯ ಕೋಚ್ ಫೋನ್ ಮಾಡಿದ.

"ಸರ್, ನಾವು ಮಳಖೇಡದಾಗ ನಿಂತೀವ್ರಿ. ಕಾಗಿಣಾ ಬ್ರಿಜ್ ಮ್ಯಾಲ ನೀರು ಬಂದದ. ಪೊಲೀಸರು ಗಾಡಿ ಬಿಡಲಿಕತ್ತಿಲ್ಲ. ದಂಡೋತಿ ಬ್ರಿಜ್ ಕಡಿನೂ ಕೇಳಿದ್ವಿ, ಅಲ್ಲೂ ಹಾಂಗೇ ಅದಂತ. ಈ ಹೊತ್ತಿಗೆ ರೈಲೂ ಇಲ್ಲ. ನೀವೊಂದು ಮಾತು ಹೇಳಿ ನೋಡ್ರಿ ಸರ್. ಮ್ಯಾಚ್ ನಾಳಿಗರ ಇಡ್ಲಿ ಅವ್ರು."

ನಾನು ಸಂಘಟಕರ ಬಳಿ ಹೋದೆ. ಪೆಂಡಾಲಿನ ಕೆಳಗೆ ಅತಿಥಿಗಳು ಕುಳಿತಿದ್ದರು, ಶಾಲು ಹಾರ ತಯಾರಿದ್ದವು. ಸಂಘಟಕರಲ್ಲಿ ಹಿರಿಯರೊಬ್ಬರು ನನ್ನ ಮಾತು ಪೂರ್ತಿ ಕೇಳಿ ಹೇಳಿದರು: "ನಾಳಿ ಹ್ಯಾಂಗ್ ಇಡೂದ್ರಿ? ಪೆಂಡಾಲ್ ಇವತ್ತಿಂದೇ ಅದ. ಅತಿಥಿಗಳು ಮತ್ತ ಬರ್ತಾರೇನು? ನಿಮಗೇನ್ ತ್ರಾಸ್ರಿ, ನಿಮ್ಮ ಟೀಮ್ ಅಂತೂ ಬಂದದಲ್ಲ."

ಇನ್ನೊಮ್ಮೆ ಕೇಳಿದೆ. ನಿಯಮ ನಿಯಮವೇ ಎಂದರು. ನಾನು ತಲೆಯಾಡಿಸಿ ಬಂದೆ. ಬರುವಾಗ ಎದೆಯೊಳಗೆ ಏನೋ ಹಗುರಾಯಿತು. ಈ ಮಾತನ್ನು ಈವರೆಗೆ ಹೆಂಡತಿಗೂ ಹೇಳಿಲ್ಲ.

ಕಾಯಬೇಕಾದಷ್ಟು ಹೊತ್ತು ಕಾದರು. ನನ್ನ ಹುಡುಗರು ಅಂಕಣದ ಅರ್ಧದಲ್ಲಿ ನಿಂತಿದ್ದರು, ಎದುರಿನ ಅರ್ಧ ಖಾಲಿ. ರೆಫರಿ ಸೀಟಿ ಊದಿ ನಾವು ಗೆದ್ದೆವೆಂದು ಸಾರಿದ. ಜನ ಚಪ್ಪಾಳೆ ತಟ್ಟಿದರು. ಕ್ಯಾಪ್ಟನ್ ನನ್ನ ಕಡೆ ತಿರುಗಿ ಕೇಳಿದ: "ಚಪ್ಪಾಳಿ ಯಾಕ್ ಹೊಡಿಲಿಕತ್ತಾರ್ರಿ ಸರ್?"

ಎದುರಾಳಿ ತಂಡ ಬಾರದೆ ಹೋದರೆ ಬಾಸ್ಕೆಟ್‌ಬಾಲ್‌ನಲ್ಲಿ ಬಂದ ತಂಡಕ್ಕೆ 20–0 ಎಂದು ಬರೆಯುತ್ತಾರೆ. ಅದು ಆಡಿ ಗಳಿಸಿದ ಅಂಕವಲ್ಲ, ಲೆಕ್ಕಕ್ಕೆ ಬರೆಯುವ ಅಂಕ. ಚಿಂಚೋಳಿಯವನಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ಅವನ ಹಿಂದೆ ನೀರಿನ ಸಪ್ಪಳವಿತ್ತು, ಹುಡುಗರು "ಏನಂದ್ರು ಸರ್, ಏನಂದ್ರು" ಎಂದು ಕೇಳುತ್ತಿದ್ದರು. ಅವನು "ಆಯ್ತ್ರಿ ಸರ್. ಅಭಿನಂದನೆಗಳು" ಎಂದ.

ಮರುದಿನ ನಾವು ರೈಲಿನಲ್ಲಿ ಸೇಡಂಗೆ ಬಂದಿಳಿದಾಗ ಸ್ಟೇಷನ್ನಿನ ಹೊರಗೆ ಹಲಗಿ ಬಾರಿಸುತ್ತಿದ್ದರು. ಹೂವು ಕಟ್ಟಿದ ಟೆಂಪೊ ನಿಂತಿತ್ತು. ಅದರ ಮುಂದೆ ದೊಡ್ಡ ಫ್ಲೆಕ್ಸು. ಹುಡುಗರ ಮುಖಗಳು ಕೆಳಗೆ ಸಾಲಾಗಿ ಚಿಕ್ಕದಾಗಿ, ನನ್ನ ಮುಖ ಮೇಲೆ ದೊಡ್ಡದಾಗಿ. ನಡುವೆ ಕೆಂಪಕ್ಷರದಲ್ಲಿ 20–0.

ಪ್ರಿನ್ಸಿಪಾಲರು ನನ್ನ ಕೈ ಹಿಡಿದುಕೊಂಡರು. "ಏನ್ ಡಿಫೆನ್ಸ್ ರಿ ನಿಮ್ದು. ಒಂದು ಬುಟ್ಟಿನೂ ಬೀಳಗೊಡಲಿಲ್ಲಂತ."

"ಸರ್, ಅದು ವಾಕ್‌ಓವರ್ ರಿ. ಆ ಟೀಮೇ ಬರ್ಲಿಲ್ಲ. ಹಾಂಗಾದ್ರ ಇಪ್ಪತ್ತು ಸೊನ್ನಿ ಅಂತ ಬರೀತಾರ."

ಅವರು ನನ್ನನ್ನು ನೋಡಿದರು, ಹಲಗಿಯವರನ್ನು ನೋಡಿದರು, ನಮ್ಮ ಕಾಲೇಜು ಕಮಿಟಿಯ ಹಿರಿಯರು ಹಾರ ಹಿಡಿದು ನಿಂತದ್ದನ್ನು ನೋಡಿದರು. "ಈಗ ಗಾಡಿ ಹತ್ರಿ. ಅದೆಲ್ಲ ಆಮ್ಯಾಗ ನೋಡೂಣು."

ಕ್ಯಾಪ್ಟನ್ ಹತ್ತಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ನಿಂತೇ ಇದ್ದ. "ನಾ ನಡ್ಕೋತ ಬರ್ತೀನ್ರಿ ಸರ್."

"ಹತ್ತಪ್ಪ. ಎಲ್ಲಾರೂ ನೋಡ್ಲಿಕತ್ತಾರ."

"ಏನಂತ ನಿಂದ್ರಬೇಕ್ರಿ ಅದರಾಗ?"

ನಾನು ಅವನ ತೋಳು ಹಿಡಿದು ಹತ್ತಿಸಿದೆ. ಮೆರವಣಿಗೆ ಬಸ್ ಸ್ಟ್ಯಾಂಡಿನವರೆಗೆ ಹೋಯಿತು, ಫ್ಲೆಕ್ಸನ್ನು ಅಲ್ಲೇ ಕಟ್ಟಿದರು. ದಾರಿಯುದ್ದಕ್ಕೂ ಅವನು ಟೆಂಪೊದ ತಗಡನ್ನೇ ನೋಡುತ್ತಿದ್ದ. ನಾನು ಕೈ ಮುಗಿಯುತ್ತಿದ್ದೆ. ಕೈ ಮುಗಿದರೆ ಮುಖ ಬಗ್ಗಿಸಬಹುದು.

ಮುಂದಿನ ವಾರ ಕಾಲೇಜಿನಲ್ಲಿ ಸನ್ಮಾನ. ಅಲ್ಲಿ ಹೇಳಿಬಿಡಬೇಕೆಂದು ನಿರ್ಧರಿಸಿ ಹೋಗಿದ್ದೆ. ಮೈಕ್ ಕೈಗೆ ಬಂತು. "ಈ ಮ್ಯಾಚ್ ನಾವು ಆಡಿ ಗೆದ್ದದ್ದಲ್ಲ" ಎಂದೆ. ಮುಂದಿನ ಮಾತು ಹೊರಡುವ ಮೊದಲೇ ಚಪ್ಪಾಳೆ ಬಿತ್ತು. ಮುಖ್ಯ ಅತಿಥಿ ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟು ಮೈಕ್ ತಾವೇ ತೆಗೆದುಕೊಂಡರು: "ಕೇಳಿದ್ರೇನು? ನಾವು ಆಡಿಲ್ಲ, ದೇವರು ಆಡ್ಸ್ಯಾನ ಅನ್ನೂ ಮಾತಿದು. ಇಷ್ಟು ಸಾದಾ ಮನುಷ್ಯರು ಈಗೆಲ್ಲಿ ಸಿಗ್ತಾರ?" ಮತ್ತೆ ಚಪ್ಪಾಳೆ. ನಾನು ಕುಳಿತುಕೊಂಡೆ.

ಮನೆಗೆ ಬಂದಾಗ ಹೆಂಡತಿ ಶಾಲನ್ನು ಮಡಚುತ್ತ ಕೇಳಿದಳು: "ಮತ್ತೊಮ್ಮಿ ಬಿಡಿಸಿ ಹೇಳ್ಬೇಕಿತ್ತಲ್ರಿ."

"ಹೇಳಿದ್ನಲ್ಲ."

"ಹೇಳಿದ್ರಿ. ತಿಳೀತೇನು ಅವ್ರಿಗೆ?"

ಕ್ಯಾಪ್ಟನ್ ಒಂದು ದಾರಿ ಹೇಳಿದ. ಚಿಂಚೋಳಿಯವರನ್ನು ಕರೆದು ಇಲ್ಲೇ ಒಂದು ಪಂದ್ಯ ಆಡೋಣ, ಸೋತರೆ ಸೋಲೋಣ. ನನಗೆ ಒಪ್ಪಿಗೆಯಾಯಿತು. ಪ್ರಿನ್ಸಿಪಾಲರನ್ನು ಕೇಳಿದೆ. "ಬಂದಿದ್ದು ಬಂದದ. ಕೈಯಾಗಿಂದು ಯಾಕ್ ಪಣಕ್ಕ ಹಚ್ತೀರಿ?" ಎಂದರು. ಆಮೇಲೆ ಪರೀಕ್ಷೆ ಬಂತು, ರಜೆ ಬಂತು. ಅಷ್ಟರಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ನನ್ನನ್ನು ಕೋಚ್ ಆಗಿ ಆರಿಸಿದರು. ಆ ಕಪ್ ಇಲ್ಲದಿದ್ದರೆ ಆ ಕುರ್ಚಿ ನನ್ನ ಹತ್ತಿರ ಬರುತ್ತಿರಲಿಲ್ಲ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಬಸ್ ಸ್ಟ್ಯಾಂಡಿನ ಫ್ಲೆಕ್ಸ್ ತೆಗೆಸಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಅದರ ಎದುರಿಗೆ ಚಹಾ ಕುಡಿದೆ ಕೂಡ. ಕೊನೆಗೆ ಅದನ್ನು ಹರಿದು ಹಾಕಿದ್ದು ಬೇಸಗೆಯ ಗಾಳಿ.

ಹೊಸ ವರ್ಷದ ತರಗತಿ ಶುರುವಾದ ಮೇಲೆ ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ನೋಡಲು ಚಿಂಚೋಳಿಗೆ ಹೋದೆ. ಆ ನೆಪದಲ್ಲಿ ಪಂದ್ಯದ ಮಾತೂ ಆಡಬೇಕೆಂದಿದ್ದೆ. ಮೈದಾನದಲ್ಲಿ ಬೇರೆ ಯಾರೋ ಸೀಟಿ ಹಿಡಿದು ನಿಂತಿದ್ದ. ಹಳೆಯ ಕೋಚ್ ಎಲ್ಲಿ ಎಂದು ಕೇಳಿದರೆ, ಬಸ್ ಸ್ಟ್ಯಾಂಡಿನ ಹತ್ತಿರ ಅವರಣ್ಣನ ಟೈರ್ ಅಂಗಡಿ ಇದೆ, ಅಲ್ಲಿರುತ್ತಾರೆ ಎಂದರು.

ಅವನು ನನ್ನನ್ನು ಕಂಡು ಕೈ ಒರೆಸಿಕೊಂಡು ಎದ್ದು ಬಂದ. "ಬರ್ರಿ ಸರ್, ಕುಂದ್ರಿ" ಎಂದು ಸ್ಟೂಲ್ ಕೊಟ್ಟ. ಚಹಾ ತರಿಸಿದ. ನಾನು ಮೂರ್ಖನ ಹಾಗೆ, ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನೇ ಆಡಿದೆ: "ಒಂದು ಮ್ಯಾಚ್ ಇಡೂಣು ಅಂತ ಬಂದೀನ್ರಿ. ನಿಮ್ಮ ಟೀಮು, ನಮ್ಮ ಟೀಮು."

"ಯಾರ ಟೀಮ್ ತರ್ಲಿ ಸರ್ ನಾ?" ಎಂದ. ಸಿಟ್ಟಿನಿಂದಲ್ಲ, ನಿಜವಾಗಿ ಕೇಳಿದಂತೆ.

ಆಮೇಲೆ ನಿಧಾನವಾಗಿ ಹೇಳಿದ. ವರ್ಷದ ಕೊನೆಯಲ್ಲಿ ಕಮಿಟಿಯ ಸಭೆಯಾಗಿತ್ತು. ಯಾರೋ ಒಬ್ಬರು ಸೇಡಂ ಬಸ್ ಸ್ಟ್ಯಾಂಡಿನ ಫ್ಲೆಕ್ಸಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿದರು. "ಫೈನಲ್‌ದಾಗ ಒಂದು ಪಾಯಿಂಟ್ ಗಳಿಸ್ಲಿಕ್ಕಾಗಿಲ್ಲ ಇವನ ಕಡಿಂದ ಅಂದ್ರು ಸರ್. ಬ್ರಿಜ್ ಮ್ಯಾಲ ನೀರಿತ್ತು ಅಂದೆ. ಸುಳ್ಳು ನೆವ ಹೇಳ್ತಾನ ಅಂದ್ರು. ಫ್ಲೆಕ್ಸ್‌ದಾಗ ಹಾಕ್ಯಾರಲ್ಲ, ಮತ್ತ ಅದು ಸುಳ್ಳೇನು ಅಂತ ಕೇಳಿದ್ರು."

ಆ ಫೋಟೊದಲ್ಲಿ ಎಲ್ಲರಿಗಿಂತ ದೊಡ್ಡದಾಗಿದ್ದ ಮುಖ ನನ್ನದು. ಚಹಾ ಗ್ಲಾಸಿನಲ್ಲೇ ಉಳಿಯಿತು.

"ನನಗೊಂದು ಫೋನ್ ಮಾಡ್ಬೇಕಿತ್ತಲ್ರಿ" ಎಂದೆ.

"ಮಾಡ್ಬೇಕಂದೆ ಸರ್. ನೀವು ಆಗ ಯೂನಿವರ್ಸಿಟಿ ಕೋಚ್ ಆಗಿದ್ರಿ. ಗದ್ದಲದಾಗ ಇರ್ತೀರಿ ಅಂತ ಬಿಟ್ಟೆ."

ಅಲ್ಲಿಂದ ಎದ್ದು ಸೀದಾ ಅವನ ಕಾಲೇಜಿನ ಪ್ರಿನ್ಸಿಪಾಲರ ಬಳಿ ಹೋದೆ. ಅಂದು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ ಬಂದು ಕುಳಿತರು. "ನಮಗೂ ಗೊತ್ತದ್ರಿ. ಮಳಿ ನಾವೂ ನೋಡೀವಲ್ಲ. ಆ ಜಾಗಾಕ್ಕ ಕಮಿಟಿಯವರ ಪೈಕಿ ಒಬ್ಬಾವ ಬರಬೇಕಿತ್ತು. ನಿಮ್ಮ ಫೋಟೊ ಅವ್ರಿಗೆ ಅನುಕೂಲ ಆಯ್ತು." ಆಮೇಲೆ, "ನೀವು ಅವಾಗೇ ಬಂದಿದ್ರ..." ಎಂದರು. ನಾನು ನಮಸ್ಕಾರ ಹೇಳಿ ಹೊರಗೆ ಬಂದೆ.

ಆ ವರ್ಷ ವಿಶ್ವವಿದ್ಯಾಲಯದ ತಂಡಕ್ಕೆ ಚಿಂಚೋಳಿಯ ಮೂವರನ್ನು ಆರಿಸಿದೆ. ಮೂವರೂ ಆ ಹಳೆಯ ಕೋಚ್ ತಯಾರು ಮಾಡಿದ ಹುಡುಗರು, ಯೋಗ್ಯರೇ. ಆದರೆ ಪಟ್ಟಿ ಓದುವಾಗ ನನ್ನ ಕಣ್ಣು ಆಟವನ್ನು ಆರಿಸಿತೋ, ನನ್ನ ಸಂಕಟವನ್ನು ಆರಿಸಿತೋ ನನಗೇ ಹೇಳಲಾಗಲಿಲ್ಲ. ಕ್ಯಾಪ್ಟನ್ ಪದವಿ ಮುಗಿಸಿ ಹೋದ. ಈಗಲೂ ಎದುರಾದರೆ ನಮಸ್ಕಾರ ಮಾಡುತ್ತಾನೆ. ಆಟದ ಮಾತು ತೆಗೆಯುವುದಿಲ್ಲ.

ಕಳೆದ ವರ್ಷ ವಾಡಿ ಜಂಕ್ಷನ್ನಿನಲ್ಲಿ ಸೇಡಂ ಕಡೆಯ ರೈಲಿಗೆ ಕಾಯುತ್ತಿದ್ದೆ. ಪ್ಲಾಟ್‌ಫಾರ್ಮಿನ ಆ ತುದಿಯಿಂದ "ಸರ್" ಎಂದು ಯಾರೋ ಕರೆದರು. ಅವನೇ, ಚಿಂಚೋಳಿಯ ಹಳೆಯ ಕೋಚ್. ಚಿತ್ತಾಪುರದ ಒಂದು ಹೈಸ್ಕೂಲಿನಲ್ಲಿ ಈಗ ಕೆಲಸವಂತೆ, ತಾನೇ ಅಲೆದು ಹುಡುಕಿಕೊಂಡದ್ದು. ಜೊತೆಗೆ ಹುಡುಗಿಯರ ತಂಡ, ಎಲ್ಲರದೂ ಒಂದೇ ಬಣ್ಣದ ಟೀ ಶರ್ಟು. ಎಲ್ಲೋ ಆಡಿ ಸೋತು ಬಂದಿದ್ದರು. ಸೋತ ಬಗ್ಗೆಯೇ ಜೋರಾಗಿ ಜಗಳವಾಡುತ್ತಿದ್ದರು.

"ಆ ದಿನದ್ದು..." ಎಂದು ನಾನು ಶುರು ಮಾಡಿದೆ.

"ಬಿಡ್ರಿ ಸರ್. ಇವ್ರಿಗೆ ಎಡಗೈಲೆ ಡ್ರಿಬಲ್ ಕಲ್ಸೂದ್ರಾಗ ನನಗ ಸಾಕಾಗ್ಯಾದ" ಎಂದು ನಕ್ಕ. ಆಮೇಲೆ ಹುಡುಗಿಯರ ಕಡೆ ತಿರುಗಿ, "ಇಲ್ಲಿ ಬರ್ರಿ ಎಲ್ಲಾರೂ. ಇವ್ರು ಭಾಳ ದೊಡ್ಡ ಕೋಚ್. ನಮಸ್ಕಾರ ಮಾಡ್ರಿ" ಎಂದ.

ಅವನ ಮುಖ ನೋಡಿದೆ. ಕುಹಕವೇನೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಬಗ್ಗಿ ನನ್ನ ಕಾಲು ಮುಟ್ಟತೊಡಗಿದರು. ನಾನು ಹಿಂದೆ ಸರಿಯಲು ನೋಡಿದೆ. ಹಿಂದೆ ಬೆಂಚಿತ್ತು. ಬೇಡಮ್ಮ, ಬೇಡ ಎನ್ನುತ್ತ ನಿಂತೆ. ಕೊನೆಯವಳು ಎದ್ದು ನಿಂತು, ನನ್ನ ಎತ್ತರವನ್ನು ಅಳೆಯುವಂತೆ ನೋಡಿ, ನಮ್ಮ ಶಾಲೆಗೂ ಒಮ್ಮೆ ಬಂದು ಕಲಿಸುತ್ತೀರಾ ಎಂದು ಕೇಳಿದಳು.

"ನಿಮ್ಮ ಸರ್ ನನಗಿಂತ ಚಲೋ ಕಲಿಸ್ತಾರವ್ವ" ಎಂದೆ.

ಅದನ್ನೂ ಅವರು ದೊಡ್ಡವರ ವಿನಯ ಎಂದುಕೊಂಡರೋ ಏನೋ, ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ರೈಲು ಬಂತು. ಅವರು ಹತ್ತಿದ ಡಬ್ಬಿಗೆ ಹತ್ತಲು ನನಗೆ ಧೈರ್ಯವಾಗಲಿಲ್ಲ. ಮುಂದಿನ ಡಬ್ಬಿಗೆ ಹೋಗಿ ಬಾಗಿಲ ಬಳಿ ನಿಂತೆ.