ಎಳ್ಳ ಅಮಾವಾಸ್ಯೆಯ ಚರಗಕ್ಕೆ ಹಿಂದಿನಿಂದ ಬಂದ ದನಿ

ದೆವ್ವ, ಶಕುನಗಳ ಮಾತು ಬಂದರೆ ನಗುವವರ ಪೈಕಿ ನಾನು. ಯರಗಟ್ಟಿಯಲ್ಲಿ ಔಷಧದ ಅಂಗಡಿ ಇಟ್ಟುಕೊಂಡವಳು. ಜ್ವರದ ಗುಳಿಗೆ ಒಯ್ಯಲು ಬಂದವರ ಕೊರಳಲ್ಲಿ ತಾಯಿತ ಕಂಡರೆ, 'ಎರಡರಾಗ ಯಾವುದಕ್ಕ ಕಮ್ಮಿ ಆತು ಅಂತ ಆಮ್ಯಾಲೆ ಹೇಳ್ರಿ' ಎಂದು ಕೆಣಕುವುದು ನನ್ನ ಚಾಳಿ. ಅದಕ್ಕೇ ಈಗ ಹೇಳಹೊರಟಿದ್ದನ್ನು ಇಷ್ಟು ದಿನ ಹೊರಗಿನವರ ಮುಂದೆ ಬಾಯಿಬಿಟ್ಟಿರಲಿಲ್ಲ. ನೀವು ನಕ್ಕರೂ ನನಗೆ ಬೇಸರವಿಲ್ಲ.

ನನ್ನ ಅಣ್ಣ ಸರಕು ಹಡಗಿನಲ್ಲಿ ಫಿಟ್ಟರ್ ಆಗಿದ್ದ. ನವಿಲುತೀರ್ಥದ ಕಾಲುವೆಯಲ್ಲಿ ನೀರು ಮೊಣಕಾಲು ದಾಟಿದರೆ ದಂಡೆಗೆ ಓಡುತ್ತಿದ್ದವನು ಸಮುದ್ರಕ್ಕೆ ಹೋದನೆಂದು ಊರೆಲ್ಲ ತಮಾಷೆ ಮಾಡಿತ್ತು. ಆ ಚಳಿಗಾಲ ಅವನ ಹಡಗು ಕೆಂಪು ಸಮುದ್ರದಲ್ಲಿ ಸಿಕ್ಕಿಹಾಕಿಕೊಂಡಿತು. ಮುಂದೆ ಹೋದರೆ ಡ್ರೋನು, ಕ್ಷಿಪಣಿ. ಹಿಂದಿರುಗಲು ಅಪ್ಪಣೆ ಬಂದಿರಲಿಲ್ಲ. ಲಂಗರು ಹಾಕಿ ನಿಂತಿದ್ದರು. ಫೋನ್ ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಅವ್ವ ಟಿವಿ ಹಚ್ಚಲೂ ಬಿಡುತ್ತಿರಲಿಲ್ಲ, ಆರಿಸಲೂ ಬಿಡುತ್ತಿರಲಿಲ್ಲ. ನಾನು ಅಂಗಡಿಯಲ್ಲಿ ಒಬ್ಬರ ಗುಳಿಗೆಯನ್ನು ಇನ್ನೊಬ್ಬರ ಕೈಗಿಟ್ಟು, ಅವರು ಮೆಟ್ಟಿಲು ಇಳಿಯುವಷ್ಟರಲ್ಲಿ ಕೂಗಿ ಕರೆದದ್ದೂ ಉಂಟು.

ಅಷ್ಟರಲ್ಲಿ ಎಳ್ಳ ಅಮಾವಾಸ್ಯೆ ಬಂತು. ಆ ದಿನ ನಮ್ಮ ಕಡೆ ಹೊಲಕ್ಕೆ ಬುತ್ತಿ ಒಯ್ದು, ಬನ್ನಿ ಗಿಡದ ಬುಡದಲ್ಲಿ ಪೂಜೆ ಮಾಡಿ, ಊಟಕ್ಕೆ ಮೊದಲು ಚರಗ ಚೆಲ್ಲುತ್ತೇವೆ. ಭೂಮಿತಾಯಿಗೆ ಉಣಬಡಿಸುವುದು ಎಂದು ಅರ್ಥ. ಒಬ್ಬರು ಅನ್ನ, ಕಡಬು, ಪಲ್ಯ ಕಲಸಿದ್ದನ್ನು ಬದುವಿನುದ್ದಕ್ಕೂ ಚೆಲ್ಲುತ್ತ 'ಹುಲ್ಲುಲ್ಲಿಗೋ' ಎಂದು ಕೂಗಬೇಕು. ಇನ್ನೊಬ್ಬರು ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ 'ಸಲಾಂಬ್ರಿಗೋ' ಎನ್ನಬೇಕು. ಹೊಲ ಪೂರ್ತಿ ಸುತ್ತಿ ಬರುವತನಕ ಮುಂದಿನವರು ತಿರುಗಿ ನೋಡಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಚಿಕ್ಕಂದಿನಿಂದ ಅಣ್ಣ ಚೆಲ್ಲುವವನು, ನಾನು ನೀರು ಹಾಕುವವಳು. ಆ ವರ್ಷ ಬುಟ್ಟಿ ನನ್ನ ಕೈಗೆ ಬಂತು, ತಂಬಿಗೆ ಅಪ್ಪನ ಕೈಗೆ.

ಮಧ್ಯಾಹ್ನದ ಬಿಸಿಲು, ಎದೆಮಟ್ಟ ಬಿಳಿಜೋಳ. ಮನಸ್ಸು ಮಾತ್ರ ಅಲ್ಲಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ಯಾವಾಗ ಸದ್ದು ಮಾಡೀತೆಂದು ಕಾಯುತ್ತಿತ್ತು. 'ಹುಲ್ಲುಲ್ಲಿಗೋ' ಅಂದೆ. ಹಿಂದಿನಿಂದ 'ಸಲಾಂಬ್ರಿಗೋ' ಬಂತು, ತುಸು ತಡವಾಗಿ. ಮತ್ತೆ ಕೂಗಿದೆ, ಮತ್ತೆ ತಡ. ಪ್ರತಿ ಸಲವೂ ಯೋಚಿಸಿ ಯೋಚಿಸಿ ಅಂದ ಹಾಗಿತ್ತು. ದನಿಯೂ ಅಪ್ಪನದಲ್ಲವೇನೋ ಅನ್ನಿಸಿತು. ಚಳಿಗೆ ಗಂಟಲು ಕಟ್ಟಿರಬೇಕೆಂದುಕೊಂಡೆ. ಮೂಲೆ ತಿರುಗುವಾಗ, 'ಲಗು ಲಗು ಅನ್ನು ಅಪ್ಪಾ, ಹೊಟ್ಟಿ ಹಸದೈತಿ' ಎಂದು ನೋಡದೆಯೇ ಗದರಿದೆ. ಅದಕ್ಕೆ ಉತ್ತರ ಬರಲಿಲ್ಲ. ಮುಂದಿನ ಕೂಗಿಗೆ ಮಾತ್ರ ಮತ್ತದೇ 'ಸಲಾಂಬ್ರಿಗೋ'. ಸುತ್ತು ಮುಗಿಯುವತನಕ ಅದು ತಪ್ಪಲಿಲ್ಲ.

ಬನ್ನಿ ಗಿಡಕ್ಕೆ ಬಂದು ನೋಡಿದರೆ ಅಪ್ಪ ಅವ್ವನ ಪಕ್ಕದಲ್ಲಿ ಕಾಲು ನೀಡಿ ಕೂತಿದ್ದ. ತಂಬಿಗೆ ಅವನ ಮುಂದೆ, ತುಂಬಿದ್ದು ತುಂಬಿದ ಹಾಗೆಯೇ ಇತ್ತು.

'ನಾಕ ಹೆಜ್ಜಿ ಇಡೂದ್ರಾಗ ಮೊಣಕಾಲ ಹಿಡೀತವಾ. ಕೂಗಿ ಹೇಳಿದ್ನಿ, ನಿನಗ ಕೇಳಲಿಲ್ಲೇನು?' ಎಂದ.

'ಮತ್ತ ನನ್ನ ಹಿಂದ ಯಾರು ಅಂದ್ರು?'

ಅವ್ವ ಬುತ್ತಿ ಬಿಚ್ಚುತ್ತಿದ್ದ ಕೈ ನಿಲ್ಲಿಸಿದಳು. 'ಯಾರೂ ಅನ್ನಲಿಲ್ಲ. ನಿಂದೊಂದ ದನಿ ಕೇಳತಿತ್ತು.'

ಅಣ್ಣನೇ ಬಂದು ಹೋದನೇ? ಅವನಿಗೇನಾದರೂ ಆಯಿತೇ? ಅವ್ವನ ಮುಂದೆ ಏನೂ ಹೇಳದೆ ಕಡಬು ನುಂಗಿದೆ. ಸಂಜೆ ಅಣ್ಣನ ಹಡಗಿಗೆ ಏಟು ಬಿದ್ದಿದೆಯೆಂಬ ಸುದ್ದಿ ಬಂತು. ಮರುದಿನವೂ ಫೋನ್ ಹತ್ತಲಿಲ್ಲ. ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕೊನೆಗೊಮ್ಮೆ ಅವನದೇ ಕರೆ ಬಂತು. 'ನಾ ಆರಾಮ ಅದೇನಿ. ಒಬ್ಬ ಮನಷ್ಯಾ ಹೋದ' ಎಂದಷ್ಟೇ ಹೇಳಿದ. ಅವ್ವ ನೆಲಕ್ಕೆ ಕೂತು ಅತ್ತಳು. ಅಣ್ಣ ಬದುಕಿದ್ದಾನೆಂದ ಮೇಲೆ ನಾನು ಕೇಳಿದ್ದು ಕಿವಿಯ ಭ್ರಮೆ ಎಂದು ಸಮಾಧಾನ ಮಾಡಿಕೊಂಡೆ.

ಬೇಸಿಗೆಗೆ ಅವನು ಊರಿಗೆ ಬಂದ. ಮಾತು ಕಡಿಮೆಯಾಗಿತ್ತು. ನೀರು ಕೊಟ್ಟರೆ ಕುಡಿಯದೆ ಲೋಟ ಹಿಡಿದುಕೊಂಡೇ ಕೂರುತ್ತಿದ್ದ. ಅವನನ್ನು ಹಾಗೆ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಒಂದು ಸಂಜೆ ಕಾಲುವೆಯ ದಂಡೆಯಲ್ಲಿ ತಾನಾಗಿಯೇ ಬಾಯಿಬಿಟ್ಟ.

'ಅವತ್ತ ಊರಾಗ ಈಗ ಚರಗ ಚೆಲ್ಲತಿರತಾರ ಅಂತ ನೆನಪಾತು. ತಾಟಿನ್ಯಾಗ ಅನ್ನಾ ಕಲಸಿಕೊಂಡು ಡೆಕ್ ಸುತ್ತ ಹೊಂಟ್ನಿ. ನಿನ್ನ ಕೆಲಸ ಅಂತೋಣಿಗೆ ಹಚ್ಚಿದ್ನಿ.'

ಅಂತೋಣಿ ಅವನ ಕೋಣೆಯ ಜೊತೆಗಾರ, ತಮಿಳುನಾಡಿನ ಕಡಲ ದಂಡೆಯವನು. ಅಣ್ಣನಿಗಿಂತ ಹಿರಿಯ.

'ಪ್ರತಿ ಸಲಾ ತಡಾ ಮಾಡಿ ಅಂತಿದ್ದ. ನಮ್ಮ ಮಾತು ಅವಗೆಲ್ಲಿ ಬರತೈತಿ, ನೆನಪ ಮಾಡಿಕೊಂಡು ಅನ್ನಬೇಕಲ್ಲ. ಅರ್ಧಾ ಸುತ್ತಿನ್ಯಾಗ ಬಾಟ್ಲಿ ನೀರು ಮುಗೀತು. ನೀರಿಲ್ಲದ ಚರಗ ನಡಿಯೂದಿಲ್ಲ, ತುಂಬಿಕೊಂಡು ಬಾ ಅಂತ ನಾನ ಒಳಗ ಕಳಿಸಿದ್ನಿ. ಅವ ಹೋದ ಕಡೇನ ಕ್ಷಿಪಣಿ ಬಂದು ಬಡೀತು.' 'ನಾನ ಕಳಿಸಿದ್ನಿ' ಎಂದು ಮತ್ತೊಮ್ಮೆ ಅಂದ.

ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಆದರೂ ಹೊಲದಲ್ಲಿ ಕೇಳಿದ್ದನ್ನು, ಆ ತಡವನ್ನು, ತುಂಬಿದ ತಂಬಿಗೆಯನ್ನು, ಎಲ್ಲವನ್ನೂ ಹೇಳಿಬಿಟ್ಟೆ.

ಇದೆಲ್ಲ ಏನೆಂದು ನೀವು ಕೇಳಿದರೆ ನನಗೆ ಈಗಲೂ ಗೊತ್ತಿಲ್ಲ. ಗಾಬರಿಗೊಂಡ ಮನಸ್ಸಿನ ಆಟ ಅನ್ನೋಣವೆಂದರೆ, ಆಗ ಹೆಸರನ್ನೂ ಕೇಳಿರದ ಮನುಷ್ಯನ ತಡವರಿಕೆ ನನ್ನ ಮನಸ್ಸಿಗೆ ಹೇಗೆ ಗೊತ್ತಾಗಬೇಕು? ಆದರೆ ನನ್ನನ್ನು ಕೂರಗೊಡದೆ ಕಾಡುವುದು ಅದಲ್ಲ. ಅಣ್ಣ ನನ್ನ ಮಾತು ಖರೆಯೋ ಸುಳ್ಳೋ ಎಂದು ವಿಚಾರಿಸಲೇ ಇಲ್ಲ.

'ಪೂರಾ ಸುತ್ತು ಬಂದನೇನು?' ಎಂದು ಕೇಳಿದ.

'ಬಂದ.'

'ನೀರು ಹಾಕಿದ್ನೇನು?'

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಹೌದು ಎನ್ನಲು ನನಗೆ ಎಷ್ಟು ಆಸೆಯಿತ್ತೋ. ಆದರೆ ಕಟ್ಟಳೆಯಂತೆ ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.