ಅತ್ತೆಮನೆಯ ಮೇಲೆ ಕಣ್ಣು

ಚಂಡಮಾರುತ ಇನ್ನೂ ನಡುಸಮುದ್ರದಲ್ಲಿ ಸುತ್ತುತ್ತಿದ್ದಾಗಲೇ ಅದರ ಮೊದಲ ಅನಾಹುತ ನಮ್ಮ ಭಾವನ ಅಂಗಡಿಯಲ್ಲಿ ನಡೆದುಹೋಯಿತು. ಹಾನಿಗೊಳಗಾದವರು ಹುಡುಗಿಯರ ಶಾಲೆಯ ಹೆಡ್‌ಮಿಸ್.

ಭಾವನದು ಕನ್ನಡಕದ ಅಂಗಡಿ. ಹಿಂದಿನ ಸಣ್ಣ ಕೋಣೆಯಲ್ಲಿ ಕಣ್ಣಿನ ಪರೀಕ್ಷೆ. ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಲೋಹದ ದಪ್ಪ ಚೌಕಟ್ಟು ಏರಿಸಿ, ಒಂದು ಕಣ್ಣಿಗೆ ಕರಿ ಬಿಲ್ಲೆ ಸಿಕ್ಕಿಸಿ, ಇನ್ನೊಂದಕ್ಕೆ ಗಾಜು ಬದಲಾಯಿಸುತ್ತ "ಈಗ ಚೆನ್ನಾಗಿ ಕಾಣುತ್ತಾ? ಈಗ?" ಎಂದು ಕೇಳುವ ಕೆಲಸ. ಅಂದು ಹೆಡ್‌ಮಿಸ್ಸರ ಬಲಗಣ್ಣಿನ ಪರೀಕ್ಷೆ ಮುಗಿದಿತ್ತು. ಅದಕ್ಕೂ ಬಿಲ್ಲೆ ಹಾಕಿಯಾಗಿತ್ತು, ಇನ್ನು ಎಡಗಣ್ಣಿನದನ್ನು ತೆಗೆಯಬೇಕು, ಅಷ್ಟರಲ್ಲಿ ಫೋನು ಟಿಂಗ್ ಎಂದಿತು. ಉಪಗ್ರಹದ ಹೊಸ ಚಿತ್ರ! "ಒಂದ್ನಿಮಿಷ ಮೇಡಂ, ಹಾಗೇ ಕೂತಿರಿ" ಎಂದವರೇ ಭಾವ ತಾರಸಿಗೆ ಓಡಿದರು. ಗಾಳಿಯ ವೇಗ ಅಳೆಯುವ, ಬಟ್ಟಲುಗಳು ಗಿರಗಿರ ತಿರುಗುವ ಅವರ ಯಂತ್ರ ಇರುವುದು ಅಲ್ಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಅವರು ನೋಡುತ್ತಿದ್ದಾಗ ಗಾಳಿಯೇ ಉತ್ತರ ಕೊಟ್ಟಿತು: ಹಿಂದಿನಿಂದ. ಬಾಗಿಲು ದಢಾರ್ ಎಂದು ಮುಚ್ಚಿ ಒಳಗಿನ ಚಿಲಕ ತಾನಾಗಿ ಬಿತ್ತು.

ಕೆಳಗೆ ಹೆಡ್‌ಮಿಸ್ ಶಿಸ್ತಿನ ಹೆಂಗಸು. ಹೇಳಿದಂತೆ ಕೂತೇ ಇದ್ದರು. ಬಹಳ ಹೊತ್ತಿನ ಮೇಲೆ "ಏನೂ ಕಾಣ್ತಿಲ್ಲಾರೀ" ಎಂದರಂತೆ. ಉತ್ತರವಿಲ್ಲ. ದೃಷ್ಟಿಯೇ ಹೋಯಿತೆಂದು ಗಾಬರಿಯಾಗಿ, ಚೌಕಟ್ಟು ಹೊತ್ತುಕೊಂಡೇ ಗೋಡೆ ತಡವುತ್ತ ರಸ್ತೆಗೆ ಬಂದರು. ತಾರಸಿಯ ಮೇಲಿಂದ ಭಾವ "ಬಾಗಿಲು! ಬಾಗಿಲು!" ಎಂದು ಕೂಗುತ್ತಿದ್ದಾರೆ, ಕೆಳಗಿನಿಂದ ಹೆಡ್‌ಮಿಸ್ "ಕಣ್ಣು! ಕಣ್ಣು!" ಎನ್ನುತ್ತಿದ್ದಾರೆ. ಎದುರಿನ ಟೈರ್ ಅಂಗಡಿಯವನು ಬಂದು ಒಬ್ಬರ ಬಿಲ್ಲೆ ತೆಗೆದು, ಇನ್ನೊಬ್ಬರ ಚಿಲಕ ತೆಗೆದು, ನನ್ನ ಅಕ್ಕನಿಗೆ ಫೋನ್ ಮಾಡಿದ: "ಅಕ್ಕಾ, ನಿಮ್ಮ ಯಜಮಾನ್ರನ್ನ ಮೇಲಿಂದ ಇಳಿಸಿದೀನಿ. ಮೇಡಮ್ಮೋರನ್ನ ಆಟೋ ಹತ್ತಿಸಿದೀನಿ. ಇನ್ನೇನಾದ್ರೂ ಕೆಲಸ ಇದ್ರೆ ಹೇಳಿ."

ಊರವರ ಕಣ್ಣು ನೋಡುವುದು ಭಾವನ ವೃತ್ತಿ. ಚಂಡಮಾರುತದ ಕಣ್ಣು ನೋಡುವುದು ಪ್ರವೃತ್ತಿ. ವೃತ್ತಿಯಿಂದ ಮನೆ ನಡೆಯುತ್ತದೆ, ಪ್ರವೃತ್ತಿಯಿಂದ ಅಕ್ಕನ ತಲೆ ಸಿಡಿಯುತ್ತದೆ. ನಾನು ಅವರಿಗಿಟ್ಟ ಹೆಸರು ಹವಾಭಾವ. ಅವರಿಗೆ ಈ ಗಾಳಿ ಹಿಡಿದದ್ದು ಮದುವೆಯಾದ ಹೊಸದರಲ್ಲಿ, ಅಂಗಡಿಯ ಬೋರ್ಡು ಬಿರುಗಾಳಿಗೆ ಹಾರಿ ಪಕ್ಕದ ಬೀದಿಯ ಕ್ಷೌರದ ಅಂಗಡಿಯ ಮುಂದೆ ನೆಟ್ಟಗೆ ನಿಂತಾಗ. ಬೇರೆ ಯಾರಾದರೂ ಆಗಿದ್ದರೆ ಗಟ್ಟಿ ಮೊಳೆ ಹೊಡೆಸುತ್ತಿದ್ದರು. ಇವರು ಬೋರ್ಡು ಹಾರಿದ ದಿಕ್ಕು ಗುರುತು ಹಾಕಿಕೊಂಡರು.

ಅಂದಿನಿಂದ ಅಕ್ಕನ ಮನೆ ಮನೆಯಲ್ಲ, ವೀಕ್ಷಣಾಲಯ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವಂತಿಲ್ಲ. ಮಳೆ ಅಳೆಯುವ ಕೊಳವೆಗೆ ಸೀರೆಯ ನೀರು ತೊಟ್ಟಿಕ್ಕಿ ಲೆಕ್ಕ ಕೆಡುತ್ತದೆ. ಫ್ರಿಜ್ಜಿನ ಮೇಲೆ ವಾಯುಭಾರ ಮಾಪಕ. "ಅದು ಒಂದಿಷ್ಟು ಕೆಳಗಿಳಿದ್ರೆ ಸಾಕು, ಇವರ ರಕ್ತದೊತ್ತಡ ಮೇಲೇರುತ್ತೆ" ಎನ್ನುತ್ತಾಳೆ ಅಕ್ಕ. ಇಷ್ಟೆಲ್ಲ ತಿಳಿದ ಮನುಷ್ಯ ಕೊಡೆ ಹಿಡಿದು ಹೋದದ್ದನ್ನು ನಾನಂತೂ ಕಂಡಿಲ್ಲ. ಪ್ರತಿ ಮಳೆಗಾಲದಲ್ಲೂ ತೊಪ್ಪೆಯಾಗಿ ಮನೆಗೆ ಬಂದು, ಟವೆಲ್ಲಿಗೆ ಕೈ ಚಾಚುತ್ತ, "ಇದು ಬರೋದು ನಿನ್ನೇನೇ ಗೊತ್ತಿತ್ತು" ಎನ್ನುತ್ತಾರೆ. ಅಕ್ಕ ಟವೆಲನ್ನು ಕೈಗೆ ಕೊಡುವುದಿಲ್ಲ, ಎಸೆಯುತ್ತಾಳೆ.

ಇವರಂಥವರದೇ ಒಂದು ಬಳಗವಿದೆ, ಫೋನಿನಲ್ಲಿ. ಅದರಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಯಜಮಾನರು. ಮುಖ್ಯ ಬೀದಿಯ ಹಲ್ಲಿನ ಡಾಕ್ಟರು ಭಾವನ ಹಗೆ. ಹಗೆಗೆ ಕಾರಣ ಕಂಪ್ಯೂಟರುಗಳು. ಚಂಡಮಾರುತ ಎಲ್ಲಿಗೆ ಹೋಗುತ್ತದೆಂದು ಲೆಕ್ಕ ಹಾಕುವ ದೊಡ್ಡ ಕಂಪ್ಯೂಟರುಗಳು ಬೇರೆ ಬೇರೆ ದೇಶಗಳಲ್ಲಿವೆಯಂತೆ, ಒಂದು ಹೇಳಿದ ಮಾತನ್ನು ಇನ್ನೊಂದು ಒಪ್ಪುವುದಿಲ್ಲವಂತೆ. ಇವುಗಳಲ್ಲಿ ಮುಖ್ಯವಾದ ಎರಡಕ್ಕೆ ಬಳಗದವರು ದೊಡ್ಡಣ್ಣ, ಚಿಕ್ಕಣ್ಣ ಎಂದು ಹೆಸರಿಟ್ಟಿದ್ದಾರೆ. ಭಾವ ದೊಡ್ಡಣ್ಣನ ಪಕ್ಷ, ಡಾಕ್ಟರು ಚಿಕ್ಕಣ್ಣನ ಪಕ್ಷ. ಸ್ವಂತ ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲೂ ಇಷ್ಟು ನಿಷ್ಠೆ ಕಾಣಸಿಗದು.

ಬಳಗದ ದೊಡ್ಡ ಪಂದ್ಯವೆಂದರೆ ಪಿನ್ನು. ಚಂಡಮಾರುತ ಸಮುದ್ರದಲ್ಲಿರುವಾಗಲೇ ಪ್ರತಿಯೊಬ್ಬರೂ ನಕಾಶೆಯ ಮೇಲೆ, ಅದರ ನಟ್ಟನಡುವಿನ ಕಣ್ಣು ದಡ ದಾಟುವ ಜಾಗ ಇದೇ ಎಂದು ಪಿನ್ನು ಚುಚ್ಚಬೇಕು. ಚುಚ್ಚಿದ್ದನ್ನು ಕೀಳುವಂತಿಲ್ಲ. ಚುಚ್ಚಿದವರು ಅದಕ್ಕೆ ವಿರುದ್ಧವಾಗಿ ಯಾರ ಹತ್ತಿರವೂ, ಮನೆಯವರ ಹತ್ತಿರವೂ, ಬಾಯಿ ಬಿಡುವಂತಿಲ್ಲ; ಬಿಟ್ಟರೆ ಮುಂದಿನ ವರ್ಷ ಪಿನ್ನಿಲ್ಲ. ಎಲ್ಲರಿಗಿಂತ ಹತ್ತಿರ ಚುಚ್ಚಿದವರಿಗೆ ಒಂದು ವರ್ಷದ ಮಟ್ಟಿಗೆ 'ಕಣ್ಮಣಿ' ಎಂಬ ಬಿರುದು. ಭಾವನಿಗೆ ಅದು ಒಮ್ಮೆಯೂ ಸಿಕ್ಕಿಲ್ಲ. ಡಾಕ್ಟರಿಗೆ ಎರಡು ಸಲ ಸಿಕ್ಕಿದೆ. ಕ್ಲಿನಿಕ್ಕಿನ ಗೋಡೆಯಲ್ಲಿ ಅವರ ಡಿಗ್ರಿಯ ಪಕ್ಕದಲ್ಲೇ ಅದನ್ನೂ ಬರೆಸಿ ಹಾಕಿದ್ದಾರೆ.

ಈ ಸಲ ಭಾವ ಪಿನ್ನು ಚುಚ್ಚಿದ್ದು ಊರಿನಿಂದ ಬಹಳ ಉತ್ತರಕ್ಕೆ, ಹಳೆಯ ದೀಪಸ್ತಂಭದ ಆಚೆ. ಡಾಕ್ಟರು ಚುಚ್ಚಿದ್ದು ನೇರ ನಮ್ಮ ಊರಿಗೆ.

ಇದೆಲ್ಲ ಅವರವರ ಹುಚ್ಚು ಎಂದು ನಾವು ಸುಮ್ಮನಿರಬಹುದಿತ್ತು, ನಮ್ಮ ಅಮ್ಮನ ಮನೆ ಸಮುದ್ರದಂಡೆಯ ರಸ್ತೆಯಲ್ಲಿ ಇರದಿದ್ದರೆ. ನೆಲಮಟ್ಟದ ಮನೆ. ಅಂಗಳಕ್ಕೂ ಅಲೆಗೂ ನಡುವೆ ಒಂದು ರಸ್ತೆ, ಒಂದು ಮೋಟು ಗೋಡೆ. ಧ್ವನಿವರ್ಧಕದ ವ್ಯಾನು ಬೆಳಗಿನಿಂದ "ಎಲ್ಲರೂ ಮನೆ ಖಾಲಿ ಮಾಡಿ" ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಹೋಗಿತ್ತು. ಅಕ್ಕಪಕ್ಕದವರೆಲ್ಲ ಹೊರಟಿದ್ದರು. ಅಮ್ಮ ಮಾತ್ರ ಕಟ್ಟಿಲ್ಲದ ಗಂಟಿನ ಪಕ್ಕ ಕಾಲು ಚಾಚಿ ಕೂತಿದ್ದರು.

"ಅಮ್ಮಾ, ಏಳು. ರಸ್ತೆ ಮೇಲೆ ನೀರು ಬಂದ್ಮೇಲೆ ಗಾಡೀನೂ ಬರಲ್ಲ, ದೋಣೀನೂ ಬರಲ್ಲ" ಎಂದೆ.

"ಆ ವ್ಯಾನಿನವನು ಹೋದ್ಸಲಾನೂ ಹೀಗೇ ಬಡ್ಕೊಂಡ. ಒಂದು ಹನಿ ಬಿತ್ತಾ? ಬರಲ್ಲ ಅಂತ ಹೇಳಿದ್ದು ಯಾರು? ನಮ್ಮ ಅಳಿಯಂದ್ರು. ಅವರು ಹೇಳ್ಲಿ, ಈಗ್ಲೇ ಎದ್ದು ಬರ್ತೀನಿ."

"ಅವರ ಮಾತು ಕಟ್ಕೊಂಡು..." ಎಂದು ಅಕ್ಕ ಶುರುಮಾಡಿದಳು.

"ಸುಮ್ನಿರೇ. ಗಂಡನ ಬೆಲೆ ನಿಂಗೇ ಗೊತ್ತಿಲ್ಲ."

ಅಕ್ಕ ಹಲ್ಲು ಕಚ್ಚಿಕೊಂಡು ಭಾವನಿಗೆ ಫೋನ್ ಮಾಡಿದಳು. ಭಾವ ಬಡಾವಣೆಯ ಎತ್ತರದಲ್ಲಿರುವ ತಮ್ಮ ಮನೆಯಲ್ಲಿ, ಲ್ಯಾಪ್‌ಟಾಪಿನ ಮುಂದೆ. ಆಚೆ ಕಡೆಯಿಂದ ಮೊದಲು ಕೇಳಿಸಿದ್ದು ಕೀಲಿಮಣೆ ಕುಟ್ಟುವ ಸದ್ದು.

"ರೀ, ಅಮ್ಮಂಗೆ ಹೊರಡಿ ಅಂತ ಒಂದು ಮಾತು ಹೇಳಿ. ಅಷ್ಟೇ ಸಾಕು."

"ಹೇಗೆ ಹೇಳ್ಲಿ? ದೊಡ್ಡಣ್ಣ ಇನ್ನೂ ಉತ್ತರ ಅಂತಾನೇ ಇದಾನೆ. ಚಿಕ್ಕಣ್ಣ ಮಾತ್ರ..."

"ನಿಮ್ಮ ಅಣ್ಣತಮ್ಮಂದಿರು ಹಾಳಾಗಿ ಹೋಗ್ಲಿ. ಇಲ್ಲಿ ಅಲೆ ಗೋಡೆ ಹತ್ತಿ ನೋಡ್ತಾ ಇದೆ!"

"ಅಲೆ ಎಷ್ಟು ಎತ್ತರ ಇದೆ? ಸರಿಯಾಗಿ ಹೇಳು, ಬಳಗಕ್ಕೆ ಹಾಕ್ತೀನಿ."

ಅಕ್ಕ ಫೋನನ್ನು ನನ್ನ ಕೈಗೆ ತುರುಕಿ ಅಡುಗೆಮನೆಗೆ ಹೋದಳು. ಅಲ್ಲಿ ಒಂದು ಪಾತ್ರೆ ಬಿದ್ದ ಸದ್ದಾಯಿತು. ತಾನಾಗಿ ಬಿದ್ದದ್ದಲ್ಲ.

"ಭಾವ," ಎಂದೆ, ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ತಾಳ್ಮೆಯನ್ನೆಲ್ಲ ಒಟ್ಟುಗೂಡಿಸಿ, "ಬಳಗಕ್ಕೆ ಹೇಳ್ಬೇಡಿ. ಅಮ್ಮಂಗೆ ಮಾತ್ರ ಹೇಳಿ. ಯಾರಿಗೆ ಗೊತ್ತಾಗುತ್ತೆ?"

"ನೋಡಮ್ಮ, ನಿಯಮ ಅಂದ್ರೆ ನಿಯಮ. ಅದೂ ಅಲ್ದೆ ಅತ್ತೆಗೆ ಹಲ್ಲು ಸೆಟ್ ಮಾಡಿಕೊಟ್ಟಿದ್ದು ಆ ಡಾಕ್ಟ್ರೇ. ಮುಂದಿನ ಸಲ ಅತ್ತೆ ಅಲ್ಲಿ ಬಾಯಿ ಬಿಟ್ರೆ ನನ್ನ ಕಥೆ ಮುಗೀತು."

"ನಿಮ್ಮ ಪಿನ್ನು ಹೆಚ್ಚೋ ನಮ್ಮಮ್ಮ ಹೆಚ್ಚೋ?"

ಅವರು ಯೋಚಿಸಿದರು. ಅವರು ಯೋಚಿಸಿದರೆಂಬುದನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. "ಅತ್ತೇನೇ ಹೆಚ್ಚು. ಆದ್ರೆ ಸಂಜೆ ಹೊತ್ತಿಗೆ ದೊಡ್ಡಣ್ಣನ ಹೊಸ ಲೆಕ್ಕ ಬರುತ್ತೆ. ಅಲ್ಲೀವರೆಗೆ..." ಎನ್ನುವಷ್ಟರಲ್ಲಿ ಮಾತು ಕತ್ತರಿಸಿಹೋಯಿತು. ಮತ್ತೆ ಮಾಡಿದರೆ ಫೋನು ಬಂದ್ ಆಗಿತ್ತು.

ಮಧ್ಯಾಹ್ನ ಕಳೆಯುತ್ತ ಬಂತು. ಕಿಟಕಿಗಳು ಗಡಗಡ ಎನ್ನತೊಡಗಿದವು. ಮೊದಲ ಅಲೆ ಮೋಟು ಗೋಡೆ ಹಾರಿ ರಸ್ತೆಯನ್ನು ತೊಳೆದು ಹಿಂದಕ್ಕೆ ಹೋಯಿತು. ಅಮ್ಮನನ್ನು ಎತ್ತಿಕೊಂಡೇ ಹೋಗೋಣವೆಂದು ನಾನೂ ಅಕ್ಕನೂ ಒಂದೊಂದು ರಟ್ಟೆ ಹಿಡಿದೆವು. ಅಮ್ಮ ಮಂಚದ ಕಾಲಿಗೆ ಕಾಲು ಹೆಣೆದುಕೊಂಡರು. ಮಂಚ ಬಂತು, ಅಮ್ಮ ಬರಲಿಲ್ಲ.

"ಅಳಿಯಂದ್ರು ಹೇಳ್ಲಿ!"

ಆಗ ಹೊರಗೆ ಹಾರ್ನ್ ಕೇಳಿಸಿತು. ಟೈರ್ ಅಂಗಡಿಯವನ ಸಾಮಾನಿನ ವ್ಯಾನು. ಅದರಿಂದ ತೊಪ್ಪೆಯಾಗಿ ಇಳಿದವರು ಸಾಕ್ಷಾತ್ ಭಾವ! ನೇರ ಒಳಗೆ ಬಂದು ಅಮ್ಮನ ಮುಂದೆ ನಿಂತು ಹೇಳಿದರು:

"ಅತ್ತೆ, ಹೊರಡಿ."

"ಬರುತ್ತಾ?" ಎಂದರು ಅಮ್ಮ.

"ಬರುತ್ತೆ. ಇಲ್ಲಿಗೇ ಬರುತ್ತೆ."

ಅಮ್ಮ ಎದ್ದು ಸೆರಗು ಸರಿಮಾಡಿಕೊಂಡರು. "ಅಷ್ಟು ಹೇಳಿದ್ರೆ ಸಾಕಿತ್ತಪ್ಪ, ಈ ಮಳೇಲಿ ಯಾಕೆ ಬಂದ್ರಿ? ಇವರಿಬ್ರೂ ನನ್ನ ತೋಳು ಕಿತ್ತೇಬಿಡ್ತಿದ್ರು ನೋಡಿ."

ಅಕ್ಕನ ಕಣ್ಣಲ್ಲಿ ನೀರು. ಮದುವೆಯಾದ ಇಷ್ಟು ವರ್ಷಗಳಲ್ಲಿ ಗಂಡನನ್ನು ಆ ರೀತಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ಭಾವ ಆ ಹೊತ್ತು ಬೇರೆಯೇ ಮನುಷ್ಯ. ಗ್ಯಾಸ್ ಬಂದ್ ಮಾಡಿದರು, ಅಮ್ಮನ ಸೀರೆಯ ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದರು, ಟೈರ್ ಅಂಗಡಿಯವನ ಕೈ ಸೇರಿಸಿ ಇನ್ವರ್ಟರನ್ನೂ ಅದರ ಹೆಣಭಾರದ ಬ್ಯಾಟರಿಯನ್ನೂ ವ್ಯಾನಿಗೆ ಹಾಕಿಸಿದರು. "ನೀರು ಹೊಕ್ರೆ ಮೊದ್ಲು ಹಾಳಾಗೋದೇ ಇದು" ಎಂದರು. ಅತ್ತೆಯ ಒಂದೊಂದು ವಸ್ತುವಿನ ಮೇಲೂ ಎಷ್ಟು ಕಾಳಜಿ ಎಂದು ನನಗೇ ನಾಚಿಕೆಯಾಯಿತು. ಹವಾಭಾವ ಎಂಬ ಹೆಸರನ್ನು ವಾಪಸು ತೆಗೆದುಕೊಳ್ಳಬೇಕೆಂದೂ ಅನ್ನಿಸಿತು.

ವ್ಯಾನು ಏರು ಹತ್ತುವಾಗ ಹಿಂದೆ ತಿರುಗಿ ನೋಡಿದರೆ ರಸ್ತೆ ಇರಲಿಲ್ಲ. ಸಮುದ್ರ ನೇರ ಅಮ್ಮನ ಅಂಗಳಕ್ಕೆ ಬಂದಿತ್ತು.

ಕಣ್ಣು ದಡ ದಾಟಿದ್ದು ಮುಸ್ಸಂಜೆಗೆ, ನಮ್ಮ ಊರಿನ ಮೇಲೆಯೇ. ಅಲ್ಲಿಯವರೆಗೆ ಅಕ್ಕನ ಮನೆಯನ್ನು ಹಿಡಿದು ಅಲುಗಿಸುತ್ತಿದ್ದ ಗಾಳಿ ಗಕ್ಕನೆ ನಿಂತಿತು. "ಕಣ್ಣೊಳಗಿದೀವಿ!" ಎಂದು ಭಾವ ಎದ್ದೇಬಿಟ್ಟರು. ಅಮ್ಮ ಆಕಳಿಸುತ್ತ "ಕಣ್ಣೊಳಗಾ? ಮತ್ತೆ ಉರೀತಾ ಇಲ್ವಲ್ಲ" ಎಂದರು. ಬಳಗದ ಅರ್ಧ ಜನ ಆಗಲೇ ತಾರಸಿ ಹತ್ತಿ ಆಕಾಶದ ಫೋಟೋ ಹಾಕುತ್ತಿದ್ದರು. ಇನ್ನು ಸ್ವಲ್ಪದರಲ್ಲೇ ಉಳಿದರ್ಧ ಗಾಳಿ ಎದುರು ದಿಕ್ಕಿನಿಂದ ಬಂದು ಅಪ್ಪಳಿಸುತ್ತದೆಂದು ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ತಿಳಿದವರೂ ಅವರೇ! ಭಾವ ಬಾಗಿಲ ಕಡೆ ಹೆಜ್ಜೆ ಇಟ್ಟರು. ಅಕ್ಕ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಕೂರಿಸಿದಳು. ಆ ಹಿಡಿತದಲ್ಲಿ ಬೈಗುಳ ಇದ್ದಷ್ಟೇ ಪ್ರೀತಿಯೂ ಇತ್ತು. ಗಾಳಿ ಮರಳಿ ಬಂತು, ಹೋಯಿತು.

ಡಾಕ್ಟರು ಮೂರನೆಯ ಸಲ ಕಣ್ಮಣಿಯಾದರು. ಭಾವನ ಪಿನ್ನು ಇದ್ದಲ್ಲಿ, ದೀಪಸ್ತಂಭದ ಆಚೆ, ತುಂತುರು ಮಳೆಯಾಯಿತಂತೆ.

ನೀರಿಳಿದ ಮೇಲೆ ನಾವೆಲ್ಲ ಅಮ್ಮನ ಮನೆಗೆ ಹೋದೆವು. ಗೋಡೆಗಳ ಮೇಲೆ ಕಿಟಕಿಯ ದಂಡೆಯವರೆಗೆ ಕೆಸರಿನ ಗೆರೆ. ಅಮ್ಮ ಕಾಲು ಹೆಣೆದುಕೊಂಡಿದ್ದ ಮಂಚ ತೇಲಿ ಹೋಗಿ ಹಿತ್ತಲ ಬೇಲಿಗೆ ಸಿಕ್ಕಿಕೊಂಡಿತ್ತು. ಅದನ್ನು ನೋಡಿ ಅಕ್ಕ ಅಲ್ಲೇ ಕೂತುಬಿಟ್ಟಳು. ಅಮ್ಮ ಮಾತ್ರ ಬೀದಿಯವರನ್ನೆಲ್ಲ ಕರೆದು, "ನೋಡಿ, ನಮ್ಮ ಅಳಿಯಂದ್ರು ಬಂದು ಎಬ್ಬಿಸದೇ ಇದ್ದಿದ್ರೆ ನಾನೂ ಆ ಬೇಲೀಲೇ" ಎಂದು ತೋರಿಸುತ್ತಿದ್ದರು. ಪಕ್ಕದ ಮನೆಯಾಕೆ ಭಾವನಿಗೆ ಕೈ ಮುಗಿದಳು. ಭಾವ ಮೊಣಕಾಲವರೆಗೆ ಪ್ಯಾಂಟು ಮಡಚಿ ಸಲಿಕೆಯಿಂದ ಕೆಸರು ಎಳೆಯುತ್ತಿದ್ದರು.

ನನಗೆ ಕೇಳದೆ ಇರಲಾಗಲಿಲ್ಲ. ಅಮ್ಮ ಅತ್ತ ಹೋದ ಮೇಲೆ ಹತ್ತಿರ ಹೋಗಿ ಕೇಳಿದೆ:

"ಭಾವ, ನಿಯಮ ಮುರಿದು, ಮುಂದಿನ ವರ್ಷದ ಪಿನ್ನೂ ಬಿಟ್ಕೊಟ್ಟು ಬಂದ್ರಲ್ಲ. ದೊಡ್ಡಣ್ಣನೂ ಉತ್ತರ ಅಂತಾನೇ ಇದ್ದ. ಮತ್ತೆ ಅಮ್ಮನ್ನ ಕರ್ಕೊಂಡು ಹೋಗ್ಲೇಬೇಕು ಅಂತ ನಿಮಗೆ ಅನ್ಸಿದ್ದು ಯಾವುದನ್ನ ನೋಡಿ?"

ಭಾವ ಸಲಿಕೆ ಊರಿ ನಿಂತು, ಅಕ್ಕ ದೂರದಲ್ಲಿದ್ದಾಳೆಂದು ಖಚಿತಪಡಿಸಿಕೊಂಡು ಹೇಳಿದರು:

"ನಮ್ಮನೇಲಿ ಕರೆಂಟು ಹೋಗಿತ್ತಲ್ಲಮ್ಮ, ದೊಡ್ಡಣ್ಣನ ಹೊಸ ಲೆಕ್ಕ ನೋಡೋಕೆ ಇನ್ವರ್ಟರ್ ಬೇಕಿತ್ತು. ಅದೊಂದನ್ನೇ ಎತ್ಕೊಂಡು ಬಂದಿದ್ರೆ ಅತ್ತೆ ಏನಂದ್ಕೋತಿದ್ರು?"