ಮಾಸ್ತರರ ಬ್ಯಾನಿ ಪದ್ಯಗಳು

ಹೋದ ವಾರ ಲಿಂಗಸುಗೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಅಜ್ಜ ಮೊಣಕಾಲಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು ಕುಳಿತಿದ್ದರು. ಘಾಟು ತಡೆಯದೆ ಮುಂದಿನವರು ಕಿಟಕಿ ತೆರೆದರು. ನಾನು ಮಾತ್ರ ಅಜ್ಜನ ಹತ್ತಿರಕ್ಕೆ ಸರಿದೆ. ಅದು ನಮ್ಮ ಮಾಸ್ತರರ ವಾಸನೆ...

ಮಸ್ಕಿಯಲ್ಲಿ ಅವರ ಮನೆ ನಮ್ಮ ಗೋಡೆಗೆ ಹತ್ತಿಕೊಂಡೇ ಇತ್ತು. ನನಗೆ ಕನ್ನಡ ಕಲಿಸಿದವರು. ನಿವೃತ್ತರಾದ ಮೇಲೆ ಅವರಿಗೆ ಎರಡು ಗಂಟುಬಿದ್ದವು, ಮೊಣಕಾಲು ನೋವು ಮತ್ತು ಪದ್ಯ. ಮೊದಲ ಪದ್ಯವನ್ನು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಓದಿದ್ದರು:

ಮಂಡಿನೋವೇ ಅಳಿಯದೇವರೆ, ಬಂದು ವರುಷ ಆತು
ಉಂಡು ತಿಂದು ಕುಂತೀರಲ್ಲ, ಊರ ಬಸ್ಸು ಹೋತು!

ಓಣಿ ನಕ್ಕಿತು. ಅಲ್ಲಿಂದ ಅವರನ್ನು ಹಿಡಿಯುವವರೇ ಇರಲಿಲ್ಲ.

ನಮ್ಮ ಕಡೆ ಯಾರಾದರೂ ಕಾಯಿಲೆ ಬಿದ್ದರೆ ಮಾತಾಡಿಸಿ ಬರುವುದು ವಾಡಿಕೆ. ಹೋದವರು ಬ್ರೆಡ್ಡು, ಬಾಳೆಹಣ್ಣು ಒಯ್ಯುತ್ತಾರೆ, ಕೇಳದಿದ್ದರೂ ಒಂದು ಔಷಧಿ ಹೇಳಿ ಬರುತ್ತಾರೆ. ಮಾಸ್ತರರು ಪದ್ಯ ಒಯ್ಯುತ್ತಿದ್ದರು. ಅದಕ್ಕೆ ಒಂದು ದಿನ ಮುಂಚೆ ಬಂದು ವಿಚಾರಣೆ ಬೇರೆ.

"ಬ್ಯಾನಿ ಹ್ಯಾಂಗೈತಿ? ಚುಚ್ಚಾಕತ್ತೈತೋ, ಜಗ್ಗಾಕತ್ತೈತೋ? ಖರೇ ಹೇಳು, ಪ್ರಾಸ ಕೂಡಬೇಕು."

ಅವರದೊಂದು ಕಾಯಿದೆ ಇತ್ತು. ಕೇಳಿದವರು ನಕ್ಕರೆ ಪದ್ಯ ಪಾಸು. ನಗದಿದ್ದರೆ ಅಲ್ಲೇ ಹರಿದು, ಮರುದಿನ ಹೊಸದರೊಂದಿಗೆ ಹಾಜರು. ಹೀಗಾಗಿ ನಿಶ್ಶಕ್ತರಾದ ರೋಗಿಗಳು ಮೊದಲ ಸಾಲಿಗೇ ನಕ್ಕು ಪಾರಾಗುತ್ತಿದ್ದರು.

ಸಿಂಧನೂರಿನಲ್ಲಿ ನನ್ನ ಅಪೆಂಡಿಕ್ಸ್ ಆಪರೇಷನ್ ಆದಾಗ ಮರುದಿನವೇ ಬಸ್ಸು ಹತ್ತಿ ಬಂದರು. ಪದ್ಯದಲ್ಲಿ ನನ್ನ ಅಪೆಂಡಿಕ್ಸ್, ಕರುಳಿನ ಮನೆತನದಲ್ಲಿ ಕೆಲಸವಿಲ್ಲದೆ ಬಿದ್ದಿದ್ದು ಪಾಲಿಗೆ ಮಾತ್ರ ಜಗಳ ತೆಗೆದ ದಾಯಾದಿ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಲೇ "ಅಯ್ಯಯ್ಯೋ" ಎಂದು ಅತ್ತೆ. ಸಿಸ್ಟರ್ ಓಡಿ ಬಂದಳು.

"ಅಜ್ಜಾರ, ಹೊಲಿಗಿ ಬಿಚ್ಚಿದ್ರ ನೀವ ಹೊಲೀತೀರೇನ್ರಿ?"

ಮಾಸ್ತರರು ಬಾಯಿಯ ಮೇಲೆ ಬೆರಳಿಟ್ಟು ಸ್ಟೂಲಿನ ಮೇಲೆ ಕೂತರು. ಮಕ್ಕಳನ್ನು ಹಾಗೆ ಕೂಡಿಸುತ್ತಿದ್ದವರು ತಾವೇ ಕೂತದ್ದು ನೋಡಿ ನನಗೆ ಮತ್ತೆ ನಗು. ಕೊನೆಗೆ ಅವರನ್ನು ವರಾಂಡಕ್ಕೆ ಕಳಿಸಬೇಕಾಯಿತು.

ಎರಡು ವರ್ಷದ ಮೇಲೆ ಅವರ ಗಂಟಲಿಗೇ ಕೆಟ್ಟ ಕಾಯಿಲೆ ಬಂತು. ರಾಯಚೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ನಾನು ಬ್ರೆಡ್ಡು ಹಿಡಿದು ಹೋದೆ. ನನಗೆ ಒಯ್ಯಲು ಬೇರೇನೂ ಬರುತ್ತಿರಲಿಲ್ಲ.

ಮಂಚದ ಮೇಲೆ ಕೂತಿದ್ದ ಮಾಸ್ತರರು ಕೈಗೆ ಒಂದು ಕಾಗದ ಕೊಟ್ಟು, ಸ್ಲೇಟಿನ ಮೇಲೆ ಬರೆದು ತೋರಿಸಿದರು: "ಜೋರಾಗಿ ಓದು. ವಾರ್ಡು ನಗಬೇಕು."

ತಮ್ಮ ಬಾಯಿ ಹೋದರೂ ಪದ್ಯ ಪಾಸಾಗುತ್ತದೆಯೇ ಎಂಬುದೊಂದೇ ಅವರಿಗೆ ಬೇಕಿತ್ತು. ನಾನು ಎದ್ದು ನಿಂತೆ. ಹಾಸಿಗೆಗಳೆಲ್ಲ ಇತ್ತ ತಿರುಗಿದವು.

ಗಂಟಲವ್ವಾ, ನಿನ್ನ ಮನಿಯಾಗ ಬಾಡಿಗಿದ್ದವ ನಾನ
ಗಂಟುಮೂಟಿ ಬೀದಿಗಿಟ್ಟಿ ಹೇಳದ ಕೇಳದ ನೀನ
ಮಾತೊಂದ ನನ್ನ ಸಾಮಾನು, ಎಲ್ಲಿ ಇಳಸಲಿ ಇನ್ನ...

ಮೂರನೆಯ ಸಾಲಿಗೆ ನನ್ನ ದನಿ ಒಡೆಯಿತು. ಮಾಸ್ತರರು ಬೆರಳಿನಿಂದ ಮಂಚದ ಕಂಬಿ ಕುಟ್ಟಿದರು, ಮತ್ತೊಮ್ಮೆ ಓದು ಎಂದು. ಮತ್ತೆ ಅಲ್ಲೇ ನಿಂತೆ. ಮೂರನೆಯ ಸಲವೂ ಅಷ್ಟೇ. ಯಾರೂ ನಗಲಿಲ್ಲ. ದಢೇಸುಗೂರಿನ ರೋಗಿಯೊಬ್ಬ ಕಣ್ಣೊರೆಸಿಕೊಂಡ. ಪದ್ಯ ಕೆಟ್ಟಿತು, ಅದೂ ನನ್ನಿಂದ.

ಮಾಸ್ತರರು ನನ್ನನ್ನೇ ದಿಟ್ಟಿಸಿದರು. ಬಳಪ ಹಿಡಿದು ಸ್ಲೇಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು, ತರಗತಿಗೆ ತೋರಿಸುವಂತೆ ಇಡೀ ವಾರ್ಡಿಗೆ ತಿರುಗಿಸಿದರು:

"ಪದ್ಯ ಪಾಸ್. ಓದಾವ ನಪಾಸ್."

ವಾರ್ಡು ಗೊಳ್ಳೆಂದು ನಕ್ಕಿತು. ಮಾಸ್ತರರೂ ನಕ್ಕರು. ಸದ್ದಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು.

ಅವರು ಹೋಗಿ ಈಗ ನಾಲ್ಕು ವರ್ಷ. ಹೋದ ವಾರ ಬಸ್ಸಿಳಿದು ಮನೆಗೆ ಬಂದವನೇ ಆ ಕಾಗದ ಹುಡುಕಿ ತೆಗೆದೆ. ಬಾಗಿಲು ಹಾಕಿಕೊಂಡು ಜೋರಾಗಿ ಓದಿದೆ. ಮೂರನೆಯ ಸಾಲಿಗೆ ಬಂದು ನಿಂತೆ.

ಇನ್ನೂ ನಪಾಸೇ ಅದೀನ್ರಿ, ಮಾಸ್ತರ...